ಸ್ಟೇಬಲ್ ಅಂದರೆ

ಮೀಟಿಂಗಿನಲ್ಲಿ ಡಾಕ್ಟರ್ ಪಾರಿಜಾತ ಕೇಳಿದರು:
"ಒಂದೇ ಮಾತಲ್ಲಿ ಹೇಳಿ, ಇದು ಸ್ಟೇಬಲ್ಲೋ, ಅಲ್ಲವೋ?"
ಕಿಟಕಿಯಲ್ಲಿ ಸಾಗರ ರಸ್ತೆಯ ಲಾರಿಗಳ ಸದ್ದು.
ನನ್ನ ಕೈಯಲ್ಲಿ ಎರಡು ಹಾಳೆ ಟಿಪ್ಪಣಿ,
ಬಾಯಲ್ಲಿ ಆ ಒಂದು ಮಾತಿಲ್ಲ.

ನೆಲಮಾಳಿಗೆಯಲ್ಲಿ ಎರಡು ಸರ್ವರ್,
ಎರಡಕ್ಕೂ ಸೇರಿ ಒಂದೇ ಡಿಸ್ಕಿನ ರಾಶಿ.
ಒಂಬತ್ತು ವರ್ಷದ ಎಕ್ಸ್‌ರೇ, ಸ್ಕ್ಯಾನ್:
ಹೊಸನಗರದ ಮಂಡಿ, ಸೊರಬದ ಬೆನ್ನುಹುರಿ,
ಭದ್ರಾವತಿಯಲ್ಲಿ ಇನ್ನೂ ಹುಟ್ಟಬೇಕಾದ ಒಂದು ಹೃದಯ.
ಇಬ್ಬರೂ ಓದಬಹುದು, ಇಬ್ಬರೂ ಬರೆಯಬಹುದು,
ಬೀಗದ ಕೈ ಕೇಳಿ ಪಡೆದರೆ.
ಒಬ್ಬ ಬಿದ್ದರೆ ಇನ್ನೊಬ್ಬ ಹೊರುತ್ತಾನೆ.
ಮಾರಿದವನ ಕರಪತ್ರ ಇಷ್ಟಕ್ಕೇ ಮುಗಿದಿತ್ತು.

ಅದರಲ್ಲಿ ಬರೆಯದೆ ಬಿಟ್ಟದ್ದು:
ಬಿದ್ದವನು ನಿಜಕ್ಕೂ ಬಿದ್ದನೋ, ಸುಮ್ಮನೆ ಮಾತು ಬಿಟ್ಟನೋ
ಇನ್ನೊಬ್ಬನಿಗೆ ತಿಳಿಯುವುದಿಲ್ಲ.
ನಡುವಿನ ತಂತಿ ಒಂದು ಎಳೆ ಸಡಿಲವಾದರೆ ಸಾಕು,
ಇಬ್ಬರೂ ತಾನೊಬ್ಬನೇ ಉಳಿದೆ ಎಂದುಕೊಂಡು
ಒಂದೇ ಪುಟದ ಮೇಲೆ ಬರೆಯತೊಡಗುತ್ತಾರೆ,
ತುಂಬ ನಿಷ್ಠೆಯಿಂದ.

ಹಾಗೇ ಆಯಿತು ಹೋದ ವರ್ಷ, ಒಂದು ಗುರುವಾರ.
ಕೂಡಲಿಯಲ್ಲಿ ತುಂಗೆ ಭದ್ರೆ ಬೆರೆತ ಹಾಗೆ, ಅಂದ ಇಫ್ತಿಕಾರ್.
ಅಲ್ಲ ಮಾರಾಯ, ಅಲ್ಲಿ ನೀರಿಗೆ ನೀರು ಸೇರಿ ನೀರೇ ಆಗ್ತದೆ.
ಇಲ್ಲಿ ಒಬ್ಬರ ಪಕ್ಕೆಲುಬಿಗೆ ಇನ್ನೊಬ್ಬರ ಹೆಸರು.
ಆರು ದಿನ ಬ್ಯಾಕಪ್ ಟೇಪಿನ ಮುಂದೆ ಕೂತೆವು,
ಮಂಡಕ್ಕಿ ಪೊಟ್ಟಣ, ಫ್ಲಾಸ್ಕಿನ ತಣ್ಣಗಾದ ಚಹಾ.
ಕೊನೆಗೂ ಹದಿನೇಳು ಜನ ಸಿಗಲಿಲ್ಲ; ಮತ್ತೆ ಕರೆಸಿದೆವು.
ಕಾರ್ಗಲ್ಲಿನಿಂದ ಎರಡು ಬಸ್ಸು ಹತ್ತಿಳಿದು ಬಂದ ಅಜ್ಜಿ
"ನನ್ನ ಎದೆ ಎಲ್ಲಿ ಕಳಕೊಂಡ್ರಿ?" ಅಂದಳು.
ನಕ್ಕೇ ಅಂದಳು.

ಆಮೇಲೆ ಒಂದು ನಿಯಮ:
ಅನುಮಾನ ಬಂದರೆ ಒಬ್ಬ ಇನ್ನೊಬ್ಬನ ಕರೆಂಟು ತೆಗೆಯಬೇಕು.
ವಿಚಾರಿಸುವಂತಿಲ್ಲ, ಸತ್ತನೋ ಎಂದು ಮೂಗಿನ ಹತ್ತಿರ ಕೈ ಹಿಡಿಯುವಂತಿಲ್ಲ.
ತೆಗೆಯುವುದು.
ಸರಿ, ಇಬ್ಬರೇ ಇರುವ ಮನೆಯಲ್ಲಿ ಬಹುಮತ ಎಲ್ಲಿಂದ ತರುವುದು?
ರಕ್ತನಿಧಿಯ ಮೂಲೆಯಲ್ಲಿ ಹಳೆಯದೊಂದು ಮಷೀನು ಇಟ್ಟೆವು.
ಅದಕ್ಕೆ ರಾಶಿಯಲ್ಲಿ ಪಾಲಿಲ್ಲ, ಬೇರೆ ಕೆಲಸವಿಲ್ಲ,
ಒಂದು ಮತ ಇದೆ.
ಗುಡಿಸಲು ಬರುವ ಚೌಡಮ್ಮನಿಗೆ ಹೇಳಿದ್ದೇನೆ,
ಇದರ ಪ್ಲಗ್ ಮಾತ್ರ ಮುಟ್ಟಬೇಡಿ, ಪಂಚಾಯ್ತಿ ಮಾಡೋದು ಇದೇ.
ಅಂದಿನಿಂದ ಅವರು ಅದರ ಧೂಳು ದಿನಾ ಒರೆಸುತ್ತಾರೆ,
ನಮ್ಮ ಯಾರ ಮೇಜಿಗೂ ಸಿಗದ ಮರ್ಯಾದೆಯಿಂದ.

ಇನ್ನು ಎರಡನೇ ಹಾಳೆ.
ಈ ಹಂಚಿಕೊಂಡ ಜಾಗ ಹಿಗ್ಗುತ್ತದೆ, ಕುಗ್ಗಲಾರದು.
ಇಬ್ಬರೂ ಬರೆಯುತ್ತಿರುವಾಗ ಈ ಕ್ಷಣದ ನಕಲು ಹಿಡಿಯಲಾಗದು,
ಮೊದಲು ಒಬ್ಬ ಕೈ ಕಟ್ಟಿ ಕೂರಬೇಕು.
ಚಿಲ್ಲರೆ ಫೈಲುಗಳು ಲಕ್ಷಗಟ್ಟಲೆ ಆದರೆ
ಬೀಗ ಕೇಳುವುದರಲ್ಲೇ ಹೊತ್ತು ಮುಳುಗುತ್ತದೆ.
ಇದನ್ನೆಲ್ಲ ಓದಿ ಹೇಳಲಿಲ್ಲ ನಾನು.

ಮೊನ್ನೆ ರಾತ್ರಿ ಮೂರಕ್ಕೆ, ಮೊದಲ ಸಲ,
ಎರಡನೆಯದು ಒಂದನೆಯದನ್ನು ಕೊಂದಿತು.
ನಲವತ್ತೊಂದು ಸೆಕೆಂಡು ಎಲ್ಲವೂ ನಿಂತಿತು.
ಮೇಲೆ ಕ್ಯಾಶುಯಲ್ಟಿಯಲ್ಲಿ ತಲೆಗೆ ಪೆಟ್ಟಾದ ಹುಡುಗ,
ಖಾಲಿ ಪರದೆಯ ಎದುರು ಟೆಕ್ನಿಷಿಯನ್ ಗ್ಲಾಡಿಸ್.
ಉಸಿರು ಬಿಡೋಕೂ ಹೆದರಿದ್ದೆ, ಅಂದಳು ಬೆಳಿಗ್ಗೆ.
ಆಮೇಲೆ ಚಿತ್ರ ಬಂತು. ಪೂರ್ತಿ ಬಂತು.
ಅವನದೇ ತಲೆ.

ಡಾಕ್ಟರೇ, ವಾರ್ಡಿನ ಬಾಗಿಲಲ್ಲಿ ನಿಂತು
ಮನೆಯವರಿಗೆ "ಸ್ಟೇಬಲ್" ಅನ್ನುತ್ತೀರಲ್ಲ,
ಅವರು ಕೈ ಮುಗಿಯುತ್ತಾರೆ, ನೀವು ಮತ್ತೆ ಒಳಗೆ ಹೋಗಿ
ಮಾನಿಟರ್ ನೋಡುತ್ತೀರಲ್ಲ,
ಹಾಗೆ ಸ್ಟೇಬಲ್.

ಅವರು ಪೆನ್ನಿನ ಮುಚ್ಚಳ ಹಾಕಿದರು.
"ರಕ್ತನಿಧಿಯ ಮಷೀನಿಗೆ ಯುಪಿಎಸ್ ಇದೆಯಾ?"
ಇಲ್ಲ, ಅಂದೆ.
ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.